ಯಾರ ಕಣ್ಣಿಗೂ ಬೀಳದಂಥ ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಗೋದಾಮಿನ ಎದುರಿನ ರಸ್ತೆಯಲ್ಲಿ ಸಾಲಾಗಿ ನಿಂತ ವಾಹನಗಳ ನಡುವೆ ಒಂದು ಬೂದು ಬಣ್ಣದ ಹಳೆಯ ಕಾರು. ಅದರ ಹಿಂದಿನ ಸೀಟಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಕಾಲು ಮಡಿಚಿ ಕೂತಿದ್ದಾರೆ. ಮಡಿಲಲ್ಲಿ ಕ್ಯಾಮೆರಾ, ಅದರ ಮೇಲೊಂದು ಮಾಸಿದ ಟವೆಲ್. ಕಣ್ಣು ಗೋದಾಮಿನ ಹಿಂಬಾಗಿಲಿನ ಮೇಲೆಯೇ ಇದೆ. ಬಾಯಿ ಮಾತ್ರ ಮೈದುನನನ್ನು ಬೈಯುತ್ತಿದೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೇನೆ.

"ತೊಳೆದಿದ್ದಾನೆ ನೋಡಿ! ನಿನ್ನೆ ಸಂಜೆ ಕೂತ್ಕೊಂಡು ತೊಳೆದು, ಪಾಲಿಷ್ ಬೇರೆ ಹೊಡೆದಿದ್ದಾನೆ. ತಿಂಗಳುಗಟ್ಟಲೆ ಕಾಪಾಡ್ಕೊಂಡು ಬಂದ ಧೂಳು ಅದು. ಸುತ್ತ ಎಲ್ಲಾ ಕಾರೂ ಕೊಳೆಯಾಗಿ ನಿಂತಿವೆ, ಮಧ್ಯದಲ್ಲಿ ನಂದೊಂದು ಮದುಮಗನ ಥರ ಹೊಳೀತಾ ಇದೆ. ಯಾರಾದ್ರೂ ನೋಡ್ದೆ ಇರ್ತಾರಾ?"

ಮೈದುನನಿಗೆ ಸ್ವಂತ ಗ್ಯಾರೇಜಿದೆ, ಕಾರೂ ಅವರದೇ. ಅತ್ತಿಗೆ ಕೊಳಕು ಕಾರಿನಲ್ಲಿ ಓಡಾಡಿದರೆ ಗ್ಯಾರೇಜಿನ ಮಾನ ಹೋಗುತ್ತದೆ ಎಂಬುದು ಅವರ ವಾದ. ಅತ್ತಿಗೆಯ ವಾದ ಅದಕ್ಕೆ ತದ್ವಿರುದ್ಧ: ಕಾರು ಕೊಳಕಾಗಿರದಿದ್ದರೆ ಅವರ ಕೆಲಸವೇ ಹೋಗುತ್ತದೆ. ಯಾಕೆಂದರೆ ಅವರು ಖಾಸಗಿ ಪತ್ತೇದಾರರು. ಸಂಸ್ಥೆಯಲ್ಲಿ ಚಿಕ್ಕವರಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಕರೆಯುವುದು 'ಅಕ್ಕ' ಎಂದೇ.

ಅಕ್ಕ ಇಲ್ಲಿಗೆ ಸೇರಿದ್ದು ವರದಿಗಳನ್ನು ಟೈಪ್ ಮಾಡಲು. ಕಾವಲು ಕೂರಬೇಕಿದ್ದವನು ಒಂದು ದಿನ ಜ್ವರ ಬಂದು ಮಲಗಿದ. ಬೇರೆ ಯಾರೂ ಇಲ್ಲವೆಂದು ಇವರನ್ನು ಕಳಿಸಿದರು. ಅವತ್ತು ಕೂತವರು ಇವತ್ತಿಗೂ ಎದ್ದಿಲ್ಲ. "ಗಂಡಸು ಕಾರಲ್ಲಿ ಸುಮ್ನೆ ಕೂತಿದ್ರೆ ಕಳ್ಳ ಅಂತಾರೆ. ಹೆಂಗಸು ಕೂತಿದ್ರೆ, ಪಾಪ ಯಾರಿಗೋ ಕಾಯ್ತಾ ಇದಾಳೆ ಅಂತಾರೆ. ಅಷ್ಟೇ ನನ್ನ ವಿದ್ಯೆ" ಎನ್ನುತ್ತಾರೆ.

ಆ ವಿದ್ಯೆಗೆ ತೆರುವ ಬೆಲೆ ಬೇರೆ. ಎಂಜಿನ್ ಆನ್ ಮಾಡುವಂತಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಕಾರೆಂದರೆ ಕಾದ ಬಾಣಲೆ. ಬಾಯಾರಿದರೂ ನೀರು ಕುಡಿಯುವಂತಿಲ್ಲ, ಕುಡಿದರೆ ಆಮೇಲೆ ಶೌಚಕ್ಕೆ ಎಲ್ಲಿಗೆ ಹೋಗುವುದು? ಕುತ್ತಿಗೆ ಒಂದೇ ಕಡೆ ತಿರುಗಿ ತಿರುಗಿ ರಜೆಯ ದಿನವೂ ವಾಲಿಕೊಂಡೇ ಇರುತ್ತದೆ. ಓರಗಿತ್ತಿಗೆ ಇದೆಲ್ಲ ಅರ್ಥವಾಗುವುದಿಲ್ಲ. "ಕೂತ್ಕೊಳ್ಳೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನನಗೂ ಒಂದು ಕೊಡಿಸು" ಎಂದು ನೆಂಟರೆದುರು ಚುಚ್ಚುತ್ತಾರೆ. ಗಂಡ ಕ್ಷೌರದಂಗಡಿ ನಡೆಸುತ್ತಾರೆ. ಅಕ್ಕ ವಾರವಿಡೀ ಬೆವರಿಳಿಸಿ ಕಂಡುಹಿಡಿಯುವ ಗುಟ್ಟು ಅವರ ಅಂಗಡಿಗೆ ಎಷ್ಟೋ ಸಲ ತಾನಾಗಿಯೇ ನಡೆದು ಬಂದು ಕುರ್ಚಿಯಲ್ಲಿ ಕೂತಿರುತ್ತದಂತೆ. "ಅದನ್ನ ಮನೇಲಿ ಊಟಕ್ಕೆ ಕೂತಾಗ ಹೇಳ್ತಾರೆ. ಮೈ ಉರಿಯಲ್ವಾ?"

ಆದರೆ ಅವರ ನಿಜವಾದ ತಲೆನೋವು ಯಜಮಾನರು ಕೊಡಿಸುವ ವಾಹನಗಳು. ಮೊದಲು ಬಂದದ್ದು ಕರಿ ಗಾಜಿನ ದೊಡ್ಡ ಜೀಪು. "ಕರಿ ಗಾಜು ಅಂದ್ರೆ, ಒಳಗೆ ಕದ್ದು ನೋಡ್ತಾ ಇದೀನಿ ಬನ್ನಿ ಅಂತ ಬೋರ್ಡ್ ಹಾಕ್ಕೊಂಡಂಗೆ. ಮೊದಲನೇ ದಿನವೇ ಪೊಲೀಸರು ಬಂದು ಗಾಜು ತಟ್ಟಿದ್ರು." ಆಮೇಲೆ ಬಂದದ್ದು ನಲ್ಲಿ ರಿಪೇರಿ ಎಂದು ಬರೆಸಿದ ವ್ಯಾನು. ಯಜಮಾನರಿಗೆ ತಮ್ಮ ಬುದ್ಧಿಯ ಬಗ್ಗೆ ಬಹಳ ಹೆಮ್ಮೆ. ಬೀದಿಯವರಿಗಂತೂ ಇನ್ನೂ ಸಂತೋಷ; ಒಬ್ಬರಾದ ಮೇಲೊಬ್ಬರು ಬಂದು ರಿಪೇರಿಗೆ ಕರೆದರು. "ಒಬ್ಬರು ಅಜ್ಜಿ ಕೈ ಹಿಡ್ಕೊಂಡು ಬಿಡಲೇ ಇಲ್ಲ. ಕೊನೆಗೆ ಹೋಗಿ ವಾಷರ್ ಹಾಕ್ಕೊಟ್ಟು ಬಂದೆ. ಅಷ್ಟರಲ್ಲಿ ನಾನು ನೋಡಬೇಕಾಗಿದ್ದೋನು ಹೊರಟೇ ಹೋಗಿದ್ದ."

ಇವೆರಡನ್ನು ನಗುತ್ತಲೇ ಹೇಳುವ ಅಕ್ಕ ಮೂರನೆಯದಕ್ಕೆ ಬಂದಾಗ ನಗುವುದಿಲ್ಲ. ಅದು ಹಳದಿ ಕಾರು. ನಿಂಬೆಹಣ್ಣಿನಂಥ ಹಳದಿ.

ಆಸ್ಪತ್ರೆಯೊಂದರ ನರ್ಸ್ ಆಗ ಇವರ ಬಳಿ ಬಂದಿದ್ದರು. ಗಂಡನಿಂದ ಬೇರೆಯಾಗಿದ್ದಾರೆ. ಪುಟ್ಟ ಮಗಳು ವಾರದ ಕೊನೆಗೆ ತಂದೆಯ ಮನೆಗೆ ಹೋಗಬೇಕು. ಹೋದ ಮಗು ಹಸಿದುಕೊಂಡು, ಮಾತು ಕಳೆದುಕೊಂಡು ವಾಪಸು ಬರುತ್ತದೆ. ಅಲ್ಲಿ ಏನಾಗುತ್ತಿದೆ ಎಂದು ಕೇಳಿದರೆ ಹೇಳುವುದಿಲ್ಲ. ಅಕ್ಕ ಹಳದಿ ಕಾರು ಬೇಡವೆಂದು ಗೋಗರೆದರು. "ಎಲ್ಲರಿಗೂ ಕಾಣೋ ಕಾರನ್ನ ಯಾರು ಅನುಮಾನಿಸ್ತಾರೆ?" ಎಂದು ಯಜಮಾನರು ಕಳಿಸಿಯೇಬಿಟ್ಟರು.

ಅನುಮಾನಿಸಿದ್ದು ತಂದೆಯೇ. ಬೆಳಿಗ್ಗೆ ಪರದೆ ಸರಿಸಿದವನು ಕಾರನ್ನು ಕಂಡ, ಫೋಟೊ ತೆಗೆದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋದ, ಬಲೂನು ಕೊಡಿಸಿದ. ಮುಂದಿನ ವಿಚಾರಣೆಯಲ್ಲಿ, ಹೆಂಡತಿ ಬೇಹುಗಾರರನ್ನು ಬಿಟ್ಟು ಕಾಟ ಕೊಡುತ್ತಿದ್ದಾಳೆ ಎಂದು ಆ ಫೋಟೊ ಮುಂದಿಟ್ಟ. ನ್ಯಾಯಾಧೀಶರು ಗದರಿದ್ದು ತಾಯಿಯನ್ನು. ಇನ್ನೊಮ್ಮೆ ಹೀಗಾದರೆ ಮಗು ಯಾರ ಬಳಿ ಇರಬೇಕೆಂದು ಹೊಸದಾಗಿ ಯೋಚಿಸಬೇಕಾಗುತ್ತದೆ ಎಂದೂ ಹೇಳಿದರು.

"ಆ ನರ್ಸ್ ಆಫೀಸಿಗೆ ಬಂದು ಅಳಲೂ ಇಲ್ಲ, ಬೈಯಲೂ ಇಲ್ಲ. 'ಬೇರೆ ಬಣ್ಣದ ಕಾರು ಇರಲಿಲ್ವಾ?' ಅಂತ ಕೇಳಿದ್ರು, ಅಷ್ಟೇ."

ಅವತ್ತೇ ಅಕ್ಕ ಮೈದುನನ ಗ್ಯಾರೇಜಿನ ಮೂಲೆಯಲ್ಲಿ ನಿಂತಿದ್ದ ಈ ಬೂದು ಕಾರನ್ನು ಕೇಳಿ ತಂದರು. ವಾರದ ಕೊನೆಗೆ ಮತ್ತೆ ಅದೇ ಬೀದಿಗೆ ಹೋಗಿ ನಿಂತರು. ಈ ಸಲ ಪರದೆ ಅಲುಗಲಿಲ್ಲ. ಬೆಳಿಗ್ಗೆ ತಂದೆ ಒಬ್ಬನೇ ಹೊರಬಂದ, ಬಾಗಿಲಿಗೆ ಬೀಗ ಹಾಕಿ ಹೋದ. ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ಬಹಳ ಹೊತ್ತಿನ ಮೇಲೆ ಮಹಡಿಯ ಬಾಲ್ಕನಿಗೆ ಮಗು ಬಂತು. ಒಳಗಿನಿಂದ ಕುರ್ಚಿ ಎಳೆದು ತಂದಿತು. ಹತ್ತಿ ನಿಂತು, ತಂದೆ ಹೋದ ದಾರಿಯತ್ತ ಬಗ್ಗಿತು.

ಕಾವಲು ಕೂತವರು ಯಾವ ಕಾರಣಕ್ಕೂ ಕೆಳಗಿಳಿಯಬಾರದು ಎಂಬುದು ಸಂಸ್ಥೆಯ ನಿಯಮ. ಇಳಿದು ಸಿಕ್ಕಿಬಿದ್ದರೆ ಈ ಸಲ ಮಗುವೇ ತಾಯಿಯ ಕೈತಪ್ಪುತ್ತದೆ. ಅಕ್ಕ ಬಾಗಿಲು ತೆಗೆದು ಓಡಿದರು.

"ಕೂಗಿದ್ರೆ ಬೆಚ್ಚಿ ಬೀಳ್ತಾಳೆ. ಅದಕ್ಕೆ ಮೆಲ್ಲಗೆ ಅಂದೆ: ಪುಟ್ಟೀ, ನನ್ನ ಚಪ್ಪಲಿ ಕಳೆದೋಗಿದೆ ಕಣೇ, ಒಂಚೂರು ಹುಡುಕಿಕೊಡ್ತೀಯಾ? ಮೇಲಿಂದ ಕಾಣಲ್ಲ, ಕೆಳಗಿಳಿದು ಕಂಬಿ ಸಂದಿಯಿಂದ ನೋಡು. ಪಾಪ, ಇಳೀತು. ಕಂಬಿಗೆ ಮೂಗು ಒತ್ಕೊಂಡು, 'ನಿಮ್ಮ ಕಾಲಲ್ಲೇ ಇದೆಯಲ್ಲಾ' ಅಂತು." ಅಕ್ಕ ಮುಖ ಆಚೆ ತಿರುಗಿಸುತ್ತಾರೆ. ಮೊದಲ ಸಲ ಕಣ್ಣು ಗೋದಾಮಿನ ಬಾಗಿಲನ್ನು ಬಿಟ್ಟಿದೆ.

ಮಗುವಿನೊಂದಿಗೆ ಮಾತಾಡುತ್ತಲೇ ಅಕ್ಕಪಕ್ಕದವರನ್ನು ಕರೆದರು. ಕೆಳಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಆಗ ಒಬ್ಬೊಬ್ಬರದೇ ಬಾಯಿ ಬಿಚ್ಚಿತು: ಪ್ರತಿ ವಾರವೂ ಹೀಗೇ, ಬೀಗ ಹಾಕಿ ಹೋದರೆ ಕತ್ತಲಾದ ಮೇಲೇ ಬರುವುದು. "ಗೊತ್ತಿತ್ತಂತೆ ಸ್ವಾಮಿ, ಎಲ್ಲರಿಗೂ ಗೊತ್ತಿತ್ತಂತೆ! ಮಗು ಅಳೋದು ಕೇಳಿಸಿದ್ರೆ ಟೀವಿ ಜೋರು ಮಾಡ್ತಿದ್ರಂತೆ. ನನ್ನ ಹಳದಿ ಕಾರು ಮಾತ್ರ ಇಡೀ ಬೀದಿಗೇ ಕಾಣಿಸಿತ್ತು!"

ಅದೇ ನೆರೆಯವರು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಮಗು ಈಗ ತಾಯಿಯ ಬಳಿಯೇ ಇದೆ. ತಂದೆ ಬಂದು ನೋಡಬಹುದು, ಆದರೆ ಇನ್ನೊಬ್ಬರ ಎದುರಿನಲ್ಲಿ ಮಾತ್ರ. ಯಜಮಾನರು ಮೊದಮೊದಲು ನಿಯಮ ಮುರಿದದ್ದಕ್ಕೆ ಎಗರಾಡಿದರು. ಈಗ ಬರುವ ಗಿರಾಕಿಗಳಿಗೆಲ್ಲ ಅದೇ ಕಥೆಯನ್ನು, ತಾವೇ ಚಪ್ಪಲಿ ಕಳೆದುಕೊಂಡವರಂತೆ ಹೇಳುತ್ತಾರೆ. ಅಕ್ಕನಿಗೆ ದಕ್ಕಿದ್ದು ಒಂದೇ ಮಾತು: "ಮುಂದಿನ ಕಾರು ನೀನೇ ಆರಿಸು."

ಆರಿಸಲು ಹೊರಟಾಗ ನಾನೂ ಜೊತೆಗಿದ್ದೇನೆ. ಹಳೆ ಕಾರುಗಳ ವ್ಯಾಪಾರಿ ಕೆಂಪು ಕಾರೊಂದರ ಬೆನ್ನು ಸವರುತ್ತಾನೆ. "ರಸ್ತೇಲಿ ಹೋದ್ರೆ ಎಲ್ಲರೂ ತಿರುಗಿ ನೋಡ್ಬೇಕು, ಅಂಥದು ಮೇಡಂ."

"ತಿರುಗಿ ನೋಡಬಾರದು. ಅಂಥದು ತೋರಿಸಿ."

ಅವನು ನನ್ನ ಮುಖ ನೋಡುತ್ತಾನೆ. ಅಕ್ಕ ಒಂದೊಂದು ಕಾರಿಗೂ ಹತ್ತುತ್ತಾರೆ, ಸ್ಟೀರಿಂಗ್ ಮುಟ್ಟುವುದಿಲ್ಲ, ನೇರ ಹಿಂದಿನ ಸೀಟಿಗೆ ಹೋಗಿ ಕೂರುತ್ತಾರೆ. ತಲೆ ತಗ್ಗಿಸಿ ಹಿಂಗಾಜಿನಿಂದ ನೋಡುತ್ತಾರೆ. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಕಿವಿಗೊಡುತ್ತಾರೆ. ಬಾಗಿಲು ತೆರೆದಾಗ ಒಳಗೆ ಹತ್ತುವ ದೀಪದ ಬಲ್ಬು ಕಿತ್ತುಕೊಡಿ ಎನ್ನುತ್ತಾರೆ. ಹಾಡಿನ ಪೆಟ್ಟಿಗೆ ತೋರಿಸಿದರೆ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆಯೇ ಎಂದು ಕೇಳುತ್ತಾರೆ. ಅಷ್ಟರಲ್ಲಿ ಯಜಮಾನರ ಫೋನ್: ಚಾವಣಿ ತೆರೆಯುವಂಥದಿದ್ದರೆ ನೋಡು. "ಯಾಕೆ, ಆಕಾಶದಲ್ಲಿ ಹೋಗೋರನ್ನ ಹಿಂಬಾಲಿಸಬೇಕಾ?" ಎಂದು ಅಕ್ಕ ಫೋನ್ ಇಡುತ್ತಾರೆ.

ಕೊನೆಗೆ ಷೆಡ್ಡಿನ ಹಿಂದೆ ಒಂದರ ಮುಂದೆ ನಿಲ್ಲುತ್ತಾರೆ. ಬಿಳಿ ಎಂದರೆ ಬಿಳಿಯಲ್ಲ, ಬೂದು ಎಂದರೆ ಬೂದಲ್ಲ. "ಇದು?"

ವ್ಯಾಪಾರಿ ತಲೆ ಕೆರೆದುಕೊಳ್ಳುತ್ತಾನೆ. "ಅದಾ? ಅದು ಇಲ್ಲಿದೆ ಅನ್ನೋದೇ ನನಗೆ ಮರ್ತುಹೋಗಿತ್ತು."

ಅಕ್ಕನ ಮುಖ ಅರಳುತ್ತದೆ. ಇಷ್ಟು ದಿನದಲ್ಲಿ ನಾನು ಕಂಡ ಮೊದಲ ಪೂರ್ತಿ ನಗು ಅದು.

ಮುಂದಿನ ವಾರ ಬರಹದ ಬಗ್ಗೆ ಏನೋ ಕೇಳಲಿಕ್ಕಿದೆ, ಬೆಳಗಿನ ಹೊತ್ತು ಅವರು ಹೇಳಿದ ಬೀದಿಗೆ ಹೋಗುತ್ತೇನೆ. ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತೇನೆ, ಅಕ್ಕ ಎಲ್ಲೂ ಇಲ್ಲ. ವಾಪಸು ಬರುತ್ತೇನೆ, ಆಗಲೂ ಇಲ್ಲ. ಬೀದಿ ತಪ್ಪಿತೇ ಎಂದು ಯೋಚಿಸುವಷ್ಟರಲ್ಲಿ ಫೋನ್ ಮೊಳಗುತ್ತದೆ.

"ಎರಡು ಸಲ ನನ್ನ ಪಕ್ಕದಲ್ಲೇ ಹಾದುಹೋದ್ರಿ. ಎರಡನೇ ಸಲ ನನ್ನ ಕಾರಿನ ಕನ್ನಡಿ ನೋಡ್ಕೊಂಡೇ ತಲೆ ಬಾಚ್ಕೊಂಡ್ರಿ." ದನಿಯಲ್ಲಿ ಗೊಣಗಾಟವಿಲ್ಲ. "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕಾರು ಸಿಕ್ತು ನೋಡಿ. ಈಗ ದಯವಿಟ್ಟು ಅಲ್ಲಿ ನಿಲ್ಬೇಡಿ. ಇಡೀ ಬೀದೀಲಿ ನೀವೊಬ್ರೇ ಎದ್ದು ಕಾಣ್ತಾ ಇದೀರಿ."