ಉಬ್ಬರವಿಲ್ಲದ ನೀರು

ಕತಾರಿನ ಅಲ್ ಶಮಾಲ್‌ನ ಆ ತೋಟದಲ್ಲಿ ಅಬ್ದುಲ್ ಮಜೀದನ ದಿನ ನೀರಿನ ಅಂಚಿನಲ್ಲೇ ಶುರುವಾಗುತ್ತಿತ್ತು. ಸುಬಹಿಯ ನಮಾಜು ಮುಗಿಸಿ, ಗಾಜಿನ ಲೋಟದಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಹಿಡಿದು ಅವನು ಕೆರೆಯ ಗೋಡೆಯ ಮೇಲೆ ಕೂರುತ್ತಿದ್ದ. ಕೆರೆ ಎಂದರೆ ಊರಿನ ಕೆರೆಯಂಥದ್ದೇನಲ್ಲ. ಬಾವಿಯಿಂದ ಎತ್ತಿದ ನೀರನ್ನು ಖರ್ಜೂರದ ಮರಗಳಿಗೆ ಬಿಡುವ ಮೊದಲು ತುಂಬಿಡಲು ತೋಡಿದ ದೊಡ್ಡ ಹೊಂಡ. ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸು. ಎಲ್ಲರೂ ಅರ್ಬಾಬ್ ಎಂದು ಕರೆಯುವ ತೋಟದ ಯಜಮಾನ, ಮಿತಭಾಷಿ ಕತಾರಿ ಮುದುಕ, ಅದರಲ್ಲಿ ಬಾಸ್ ಮೀನು ಬಿಡಿಸಿದ್ದ. ಮಲಯಾಳಿಗಳು ಕಾಳಾಂಜಿ ಎನ್ನುವ, ಬೆಳ್ಳಿ ಮೈಯ ಹೊಟ್ಟೆಬಾಕ ಮೀನು ಅದು.

ಬಾವಿಯ ಪಂಪು ಮತ್ತು ಮರಗಳತ್ತ ಹೋಗುವ ವಾಲ್ವು, ಎರಡರ ಬೀಗದ ಕೈಯೂ ಮಜೀದನ ಸೊಂಟದಲ್ಲಿರುತ್ತಿತ್ತು. ನೀರು ಎಷ್ಟಿರಬೇಕು ಎನ್ನುವುದು ಅವನ ಮಾತು. ಮರಗಳನ್ನು ನೋಡಿಕೊಳ್ಳುವ ಈಜಿಪ್ಟಿನ ಸಯ್ಯದ್ ಕೂಡ ಅವನನ್ನು ಕೇಳಿಯೇ ನೀರು ಬಿಡಿಸಿಕೊಳ್ಳುತ್ತಿದ್ದ. ಈ ಕೆಲಸದ ವೀಸಾದ ಮೇಲೆಯೇ ಮಜೀದನ ಹೆಂಡತಿ ರಾಹಿಲಾ ಮತ್ತು ಮಗಳು ನಹ್ಲಾ ದೋಹಾ ಅಲ್ ಜದೀದಾದ ಒಂದು ಕೋಣೆಯ ಮನೆಯಲ್ಲಿದ್ದರು.

ಶುಕ್ರವಾರ ಗಾಳ ಹಾಕಲು ದೋಹಾದಿಂದ ಜನ ಬರುತ್ತಿದ್ದರು. ಅವರನ್ನು ಕಟ್ಟಿಕೊಂಡು ಬರುತ್ತಿದ್ದವನು ಸಂಜಯ್, ಮೈಸೂರಿನವನು, ಅಲ್ ಮುಂತಜಾದ ವಾಸಿ, ಆಫೀಸಿನ ಕೆಲಸದವನು. ಒಂದು ಚಳಿಗಾಲದ ಬೆಳಿಗ್ಗೆ ಖಾಲಿ ಬುಟ್ಟಿ ಹಿಡಿದು ಹೊರಟವನು ಮಜೀದನ ಹೆಗಲು ಹಿಡಿದ.

"ಮಜೀದಣ್ಣ, ಈ ವಾರಾನೂ ಒಂದೂ ಸಿಗಲಿಲ್ಲ. ಅಷ್ಟು ದೂರ ಹೋಗಿ ಬಿಸಿಲು ಹಿಡ್ಕೊಂಡು ಬಂದ್ರಾ ಅಂತ ನನ್ನ ಹೆಂಡ್ತಿ ನಗ್ತಾಳೆ."

"ಮೀನಿಗೆ ಶುಕ್ರವಾರ ಅಂತ ಗೊತ್ತುಂಟಾ ಮಾರಾಯ್ರೇ? ಅದಕ್ಕೆಂಥ ವೀಕೆಂಡು!"

"ತಮಾಷೆ ಬಿಡಿ. ನೀರು ನಿಮ್ಮ ಕೈಲಿದೆ. ಏನಾದ್ರೂ ಮಾಡಿ."

ಏನು ಮಾಡಬೇಕೆಂದು ಮಜೀದನಿಗೆ ಗೊತ್ತಿತ್ತು. ಅವನು ಕರಾವಳಿಯ ಬೆಂಗ್ರೆಯವನು. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ಹಿನ್ನೀರಿನ ಅಂಚಿಗೆ ಒಡ್ಡು ಕಟ್ಟಿ ಅವನ ಬಾಪ ಮೀನು ಸಾಕಿದ್ದರು. ಮನೆಗೆ ನೆಂಟರು ಬರುವ ದಿನ ಇಳಿತ ನೋಡಿಕೊಂಡು ಒಡ್ಡಿನ ಹಲಗೆ ಎತ್ತುತ್ತಿದ್ದರು. ನೀರು ಹರಿದು ಹೋಗಿ, ಮೀನೆಲ್ಲ ಒಂದು ಮೂಲೆಯ ಆಳಕ್ಕೆ ಸೇರುತ್ತಿತ್ತು. ಬೇಕಾದಷ್ಟು ಹಿಡಿದು ಮುಗಿಸುವ ಹೊತ್ತಿಗೆ ಉಬ್ಬರ ಬಂದು ಎಲ್ಲವನ್ನೂ ಮತ್ತೆ ತುಂಬಿಸುತ್ತಿತ್ತು. ಹೋದ ನೀರಿಗಾಗಿ ಬೆಂಗ್ರೆಯಲ್ಲಿ ಯಾರೂ ಚಿಂತೆ ಮಾಡಿದವರಲ್ಲ.

ಮುಂದಿನ ವಾರ ಮಜೀದ್ ಮರಗಳತ್ತ ಹೆಚ್ಚು ನೀರು ಬಿಟ್ಟ. ಕೆರೆ ಅರ್ಧಕ್ಕೆ ಇಳಿಯಿತು. ನೀರು ಇಳಿಯುತ್ತಿರುವಾಗ ಬಾಸ್ ಬಾಯಿ ತೆರೆಯುವುದಿಲ್ಲ, ಬೆದರಿ ಆಳಕ್ಕೆ ಸರಿಯುತ್ತದೆ. ಆದರೆ ಇಳಿಸಿ ಒಂದು ದಿನ ಹಾಗೇ ಬಿಟ್ಟರೆ, ಇಕ್ಕಟ್ಟಿನಲ್ಲಿ ಹಸಿದ ಮೀನು ಏನು ಹಾಕಿದರೂ ಕಚ್ಚುತ್ತದೆ. ಆ ಶುಕ್ರವಾರ ಮಕ್ಕಳ ಗಾಳಕ್ಕೂ ಮೀನು ಬಿತ್ತು. ಸಂಜಯ್ ಅವನನ್ನು ಅಪ್ಪಿಕೊಂಡು ಫೋಟೊ ತೆಗೆಸಿಕೊಂಡ. ಅಲ್ಲಿಂದ ಅದೇ ರೂಢಿಯಾಯಿತು. ವಾರದ ಕೊನೆಗೆ ಇಳಿಸುವುದು, ಆಮೇಲೆ ಪಂಪು ಹಾಕಿ ತುಂಬಿಸುವುದು. ಅರ್ಬಾಬನಿಗೆ ಹೇಳಬೇಕೆಂದು ಮಜೀದನಿಗೆ ತೋಚಲೇ ಇಲ್ಲ. ನೀರು ಹೇಗೂ ವಾಪಸು ಬರುತ್ತಿತ್ತಲ್ಲ.

ಮೇ ತಿಂಗಳು ಬಂತು. ಬಿಸಿಲಿಗೆ ಹೆದರಿ ಬರುವವರು ಕಡಿಮೆಯಾದರೂ ಸಂಜಯ್ ಬಿಡಲಿಲ್ಲ. "ಕೊನೇ ಸಲ, ಆಮೇಲೆ ಸೆಪ್ಟೆಂಬರ್‌ಗೇ," ಎಂದ. ಮಜೀದ್ ಈ ಸಲ ಇನ್ನಷ್ಟು ಕೆಳಕ್ಕೆ ನೀರಿಳಿಸಿದ. ಒಳ್ಳೆಯ ಮೀನು ಸಿಕ್ಕಿತು. ಎಲ್ಲರೂ ಹೋದ ಮೇಲೆ ಅವನು ಪಂಪಿನ ಸ್ವಿಚ್ಚು ಒತ್ತಿದ. ಅದು ಒಮ್ಮೆ ಗುರುಗುಟ್ಟಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಮೆಕ್ಯಾನಿಕ್ ಭಾನುವಾರವೇ ಬರುವುದು ಎಂದ.

ಶನಿವಾರ ಬೆಳಿಗ್ಗೆ ಗಾಳಿಯ ಸುಳಿವಿರಲಿಲ್ಲ. ಬೆಚ್ಚಗಾದ ಚೂರು ನೀರಿನಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸುಲೈಮಾನಿ ಮಜೀದನ ಕೈಯಲ್ಲೇ ಆರಿತು. ಪಕ್ಕದ ತೋಟದಿಂದ ಟ್ಯಾಂಕರಿನಲ್ಲಿ ನೀರು ತರಿಸಿದರೆ ಉಳಿದವಾದರೂ ಉಳಿದಾವು. ಅದಕ್ಕೆ ಅರ್ಬಾಬನ ಅಪ್ಪಣೆ ಬೇಕು. ಪಂಪು ಕೆಟ್ಟರೆ ಕೆಡಲಿ, ತುಂಬಿದ ಕೆರೆ ಒಂದೇ ದಿನದಲ್ಲಿ ಹೇಗೆ ಬರಿದಾಯಿತು ಎಂದು ಅವನು ಕೇಳದೆ ಬಿಡುತ್ತಾನೆಯೇ?

ಮಜೀದ್ ಮೊದಲು ಸಂಜಯನಿಗೆ ಫೋನ್ ಮಾಡಿದ.

"ಅಯ್ಯಯ್ಯೋ," ಎಂದ ಸಂಜಯ್. "ಮರಕ್ಕೆ ನೀರು ಬಿಡೋದು ಆ ಸಯ್ಯದ್ ತಾನೆ? ವಾಲ್ವ್ ಮುಚ್ಚೋಕೆ ಮರೆತ ಅಂದ್ಬಿಡಿ. ಅವನಿಗೆ ಅರಬಿ ಬರುತ್ತೆ, ಹೇಗೋ ಬಚಾವಾಗ್ತಾನೆ."

"ಬೀಗ ನನ್ನ ಹತ್ರ ಅಲ್ವಾ?"

"ಕೊಟ್ಟಿದ್ದೆ ಅನ್ನಿ. ಯಾರು ನೋಡಿದ್ರು?"

ಆಮೇಲೆ ಫೋನಿನಲ್ಲಿ ಸಿಕ್ಕ ರಾಹಿಲಾ ಮಾತ್ರ ಅಷ್ಟು ದೂರ ಹೋಗಲಿಲ್ಲ. ತಮ್ಮ ಬ್ಯಾರಿ ಭಾಷೆಯಲ್ಲಿ, ಮೆಲ್ಲನೆ ಹೇಳಿದಳು. "ಪಂಪು ಕೆಟ್ಟದ್ದು ಸುಳ್ಳಲ್ಲವಲ್ಲ? ಅಷ್ಟನ್ನೇ ಹೇಳಿ. ನಹ್ಲಾಳದ್ದು ಹನ್ನೆರಡನೇ ಕ್ಲಾಸು. ಈಗ ನಾವು ಊರಿಗೆ ಹೋಗುವುದೆಂದರೆ..."

ಮಜೀದ್ ಅರ್ಬಾಬನ ನಂಬರು ಒತ್ತಿ ಪಂಪಿನ ವಿಷಯ ಹೇಳಿ, ಟ್ಯಾಂಕರ್ ಬೇಕೆಂದ. ನೀರೆಷ್ಟಿದೆ ಎಂದು ಅರ್ಬಾಬ್ ಕೇಳಿದ. ಮೊಣಕಾಲುದ್ದ ಎಂದ. ಗಲ್ಫಿನ ಒಡಕು ಹಿಂದಿಯಲ್ಲಿ ಅರ್ಬಾಬನ ಗುಡುಗು ಬಂತು. "ಸಯ್ಯದ್ ವಾಲ್ವ್ ತೆರೆದಿಟ್ಟನಾ? ಹೇಳು! ಆ ಕತ್ತೆಗೆ ಬುದ್ಧಿ ಇಲ್ಲ."

ಸುಳ್ಳು ತಾನಾಗಿ ಬಂದು ಕೈಯ ಹತ್ತಿರ ನಿಂತಿತ್ತು. ಹೂಂ ಎಂದರೆ ಮುಗಿಯಿತು. ಕೆರೆಯ ಆಚೆ ದಡದಲ್ಲಿ ಸಯ್ಯದ್ ನಿಲುವಂಗಿ ಮೇಲೆ ಕಟ್ಟಿಕೊಂಡು ನೀರಿಗಿಳಿದಿದ್ದ. ನೀರಿಗೆ ಗಾಳಿ ಸೇರಲೆಂದು ಬಕೆಟ್ಟಿನಿಂದ ಎತ್ತಿ ಎತ್ತಿ ಅದೇ ನೀರಿಗೆ ಸುರಿಯುತ್ತಿದ್ದ. ಯಾರೂ ಹೇಳಿರಲಿಲ್ಲ ಅವನಿಗೆ. ಮಜೀದನತ್ತ ತಿರುಗಿ, "ಯಲ್ಲಾ, ಯಾ ಮಜೀದ್! ಇನ್ನೊಂದು ಬಕೆಟ್ಟು ತಾ!" ಎಂದು ಕೂಗಿದ.

"ಲಾ, ಅರ್ಬಾಬ್," ಎಂದ ಮಜೀದ್. "ಸಯ್ಯದ್ ಅಲ್ಲ. ನಾನು ಇಳಿಸಿದ್ದು. ಮೀನು ಹಿಡಿಯುವವರಿಗೆ ಸಿಗಲಿ ಅಂತ. ಪ್ರತಿ ವಾರ ಇಳಿಸುತ್ತಿದ್ದೆ."

ಮಜೀದನಿಗೆ ತಡೆಯಲಾಗಲಿಲ್ಲ. "ನಮ್ಮ ಊರಲ್ಲಿ ನೀರು ತಾನೇ ವಾಪಸು ಬರುತ್ತದೆ," ಎಂದುಬಿಟ್ಟ.

"ಇದು ಕಡಲಾ?" ಎಂದಿತು ದನಿ. ಫೋನು ಕಟ್ಟಾಯಿತು.

ಆದರೆ ಟ್ಯಾಂಕರ್ ಬಂತು. ಬಿಸಿಲು ನೆತ್ತಿಗೇರುವ ಮೊದಲೇ ಬಂತು. ಮಜೀದ್ ಪೈಪನ್ನು ಹೆಗಲಿಗೇರಿಸಿ ನೀರು ಮೇಲಿಂದ ಚದುರಿ ಬೀಳುವಂತೆ ಹಿಡಿದು ನಿಂತ. ಸಯ್ಯದ್ ಸತ್ತ ಮೀನುಗಳನ್ನು ಗೋಣಿಗೆ ತುಂಬಿದ. ಅರ್ಧದಷ್ಟು ಹೋಗಿದ್ದವು.

ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಅರ್ಬಾಬ್ ಬಂದ. ಗೋಣಿಯ ಬಾಯಿ ಸರಿಸಿ ನೋಡಿದ, ನೀರು ನೋಡಿದ, ಆಮೇಲೆ ಕೈ ಚಾಚಿದ. ಮಜೀದ್ ಬೀಗದ ಕೈಗಳನ್ನು ಬಿಚ್ಚಿ ಕೊಟ್ಟ. ಅವು ಸಯ್ಯದನ ಕೈಗೆ ಹೋದವು.

"ಶುಕ್ರವಾರ ಖಲಾಸ್," ಎಂದ ಅರ್ಬಾಬ್. "ನೀನು ಮರ ನೋಡಿಕೋ. ವೀಸಾ ರಿನ್ಯೂ ಮಾಡುವ ಸಮಯ ಬರಲಿ, ಆಗ ನೋಡೋಣ."

ಕಾರಿನ ಧೂಳು ಅಡಗುವ ಮೊದಲೇ ರಾಹಿಲಾಳ ಫೋನು.

"ಏನಂದರು?"

"ನೋಡೋಣ ಅಂದರು."

ನಹ್ಲಾ ಓದುವ ದನಿ ಹಿಂದಿನಿಂದ ಕೇಳುತ್ತಿತ್ತು. "ನೀವು ಹೇಳಿದ್ದು?" ಎಂದಳು.

"ಇದ್ದದ್ದು."

"ಹೂಂ," ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ.

ಇನ್ನೊಂದು ಟ್ಯಾಂಕರ್ ಬಂದು ನಿಂತಿತ್ತು. ಸಯ್ಯದ್ ಬೀಗದ ಕೈಗಳನ್ನು ಹಿಡಿದುಕೊಂಡು, ನೀರು ಎಲ್ಲಿಯತನಕ ಬರಬೇಕು ಎಂದು ಕೈಸನ್ನೆಯಲ್ಲೇ ಕೇಳಿದ. ಮಜೀದ್ ಗೋಡೆಯ ಮೇಲಿನ ಹಸಿರು ಪಾಚಿಯ ಗೆರೆ ತೋರಿಸಿದ. ಬದುಕಿದ್ದೊಂದು ಬಾಸ್ ಅಂಚಿನಲ್ಲಿ ಇನ್ನೂ ಬಾಯಿ ಬಿಡುತ್ತಿತ್ತು. ಹೊಸ ನೀರು ತಾಗಿದಾಗ ಅದು ಒಂದು ಸಲ ಹೊರಳಿ ಒಳಗೆ ಹೋಯಿತು. ಮತ್ತೆ ಮೇಲೆ ಬರುತ್ತದೇನೋ ಎಂದು ಮಜೀದ್ ಪೈಪು ಹಿಡಿದುಕೊಂಡೇ ನೋಡುತ್ತಿದ್ದ.