ಮೂರನೆಯ ಮನೆಗೂ ನಾಲ್ಕನೆಯ ಮನೆಗೂ ನಡುವಿನ ಗೋಡೆ

ಇಂಗ್ಲೆಂಡನ್ನು ನಾನು ನೋಡಿಲ್ಲ. ಆದರೆ ಅಲ್ಲಿನ ಹಳೆಯ ಪಟ್ಟಣವೊಂದರಲ್ಲಿ ಸಾಲಾಗಿ ಅಂಟಿಕೊಂಡು ನಿಂತಿರುವ ಆರು ಮನೆಗಳ ಒಂದೊಂದು ಕಿಟಕಿಯ ಅಳತೆಯೂ ನನಗೆ ಗೊತ್ತು. ದೋಹಾದ ಒಂದು ಕಚೇರಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಹದಿನಾಲ್ಕು ವರ್ಷ ಗೋದಾಮು, ಕಾರ್ಮಿಕರ ಕ್ಯಾಂಪು, ಪಾರ್ಕಿಂಗ್ ಕಟ್ಟಡಗಳ ನಕ್ಷೆ ಎಳೆದ ಮೇಲೆ ಈ ಕೆಲಸ ಬಂತು. ದುರಸ್ತಿಗೆ ಮೊದಲು ಮನೆಗಳು ಇದ್ದ ಹಾಗೆಯೇ ನಕ್ಷೆಗೆ ಇಳಿಯಬೇಕಿತ್ತು. ಅಲ್ಲಿಯವರು ಲೇಸರ್ ಯಂತ್ರದಿಂದ ಅಳೆದು ಕಳಿಸುತ್ತಿದ್ದರು. ಗೆರೆ ಎಳೆಯುವುದು ನಮ್ಮ ಪಾಲು.

ಎದುರಿನಿಂದ ಆರೂ ಒಂದೇ ಅಚ್ಚು. ಕೆಂಪು ಇಟ್ಟಿಗೆ, ಮೇಲೆ ಕೆಳಗೆ ಜಾರುವ ಉದ್ದನೆಯ ಕಿಟಕಿಗಳು, ಬಾಗಿಲ ಮೇಲೆ ಬೀಸಣಿಗೆ ಬಿಚ್ಚಿದಂಥ ಗಾಜು. ಆಗಲೇ ದಣಿದಿದ್ದ ನಾನು ಒಂದು ಮನೆ ಎಳೆದು ಐದು ಸಲ ಕಾಪಿ ಮಾಡಿದೆ. ಮರುವಾರ ವಿಡಿಯೊ ಕರೆಯಲ್ಲಿ ಅಲ್ಲಿನ ಆರ್ಕಿಟೆಕ್ಟ್, ಅರವತ್ತು ದಾಟಿದ ಹೆಂಗಸು, ಬೈಯಲಿಲ್ಲ. ಮನೆಗಳ ಮುಖವನ್ನು ನಂಬಬೇಡಿ, ಒಳಗೆ ಹೋಗಿ ನೋಡಿ ಎಂದರು, ಅಷ್ಟೇ.

ಅಳತೆಗಳ ಜಾಡು ಹಿಡಿದು ಪರದೆಯ ಮೇಲೆಯೇ ಒಳಗೆ ಹೋದೆ. ಇಟ್ಟಿಗೆಯ ಹಿಂದೆ ಇನ್ನೂ ಹಳೆಯ ಮರದ ಚೌಕಟ್ಟಿನ ಮನೆಗಳಿದ್ದವು. ಒಂದು ಎಡಕ್ಕೆ ವಾಲಿತ್ತು. ಇನ್ನೊಂದರಲ್ಲಿ ಮಹಡಿಯ ನೆಲ ಕಿಟಕಿಯ ನಟ್ಟನಡುವೆ ಹಾದಿತ್ತು. ಬೀದಿಗೆ ಚಂದ ಕಾಣಲೆಂದು ಯಾರೋ ಯಾವಾಗಲೋ ಎಲ್ಲಕ್ಕೂ ಒಂದೇ ಮುಖ ತೊಡಿಸಿದ್ದರು. ಐದು ಮನೆಗಳನ್ನೂ ಮೊದಲಿನಿಂದ ಎಳೆಯುತ್ತ ಕೂತೆ. ಕಣ್ಣು ಉರಿಯುತ್ತಿತ್ತು.

ಮೂರನೆಯ ಮತ್ತು ನಾಲ್ಕನೆಯ ಮನೆಗಳ ನಡುವೆ ಲೆಕ್ಕ ಕೂಡಲಿಲ್ಲ. ಉಳಿದ ಗೋಡೆಗಳು ಒಂದೂವರೆ ಅಡಿ ದಪ್ಪ. ಇದೊಂದು ಐದು ಅಡಿಯ ಹತ್ತಿರ. ಮೂರು ಸಲ ನೋಡಿ ಮ್ಯಾನೇಜರ್ ಬಳಿ ಹೋದೆ. ಅವರು ಮಂಗಳೂರಿನ ಕಡೆಯವರು.

"ಎಂತ ದೊಡ್ಡ ವಿಷಯ ಮಾರಾಯ್ರೆ? ದಪ್ಪ ಗೋಡೆ ಅಂತ ಓರೆ ಗೆರೆ ತುಂಬಿಸಿ ಹ್ಯಾಚ್ ಹಾಕಿ ಬಿಡಿ, ಖಲಾಸ್. ಇವತ್ತು ಕಳಿಸ್ಲಿಕ್ಕುಂಟು."

"ಅಷ್ಟು ದಪ್ಪ ಗೋಡೆ ಸುಮ್ನೆ ಯಾರೂ ಕಟ್ಟೂದಿಲ್ಲ ಸರ್. ಒಳಗೆ ಏನೋ ಉಂಟು."

"ಇದ್ರೆ ಅವ್ರು ನೋಡ್ಕೊಳ್ತಾರೆ. ಯಲ್ಲಾ, ಬೇಗ ಮುಗಿಸಿ."

ಮಾತು ಮುಂದುವರಿಸುವ ತ್ರಾಣ ನನ್ನಲ್ಲಿರಲಿಲ್ಲ. ಆದರೆ ಗೆರೆ ತುಂಬಿಸಲು ಕೈಯೂ ಬರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು, ಒಂದು ಪ್ರಶ್ನೆಚಿಹ್ನೆ ಹಾಕಿ ಕಳಿಸಿಬಿಟ್ಟೆ.

ಎರಡು ವಾರದ ಮೇಲೆ ಆ ಹೆಂಗಸು ಫೋಟೊ ಕಳಿಸಿದರು. ಗೋಡೆಯಲ್ಲಿ ತಲೆ ತೂರುವಷ್ಟು ಕಿಂಡಿ ತೆಗೆದು ದೀಪ ಹಿಡಿದಿದ್ದರು. ಒಳಗೆ ಇಕ್ಕಟ್ಟಾದ ಮರದ ಮೆಟ್ಟಿಲು. ಆ ಎರಡು ಮನೆಗಳೂ ಒಂದು ಕಾಲದಲ್ಲಿ ಒಂದೇ ದೊಡ್ಡ ಮನೆಯಾಗಿದ್ದವಂತೆ. ಕೆಲಸದವರು ಓಡಾಡುತ್ತಿದ್ದ ಮೆಟ್ಟಿಲಂತೆ ಅದು. ಮನೆ ಪಾಲು ಮಾಡಿದಾಗ ಎರಡು ಕಡೆಯಿಂದಲೂ ಮುಚ್ಚಿದ್ದರು. ನಿಮ್ಮ ಪ್ರಶ್ನೆಯಿಂದ ಸಿಕ್ಕಿತು ಎಂದು ಬರೆದಿದ್ದರು. ಮ್ಯಾನೇಜರ್ ಆ ಇಮೇಲ್ ಎಲ್ಲರಿಗೂ ಕಳಿಸಿದರು.

ನನಗೆ ಹಿಗ್ಗಾಗಬೇಕಿತ್ತು. ಆದರೆ ಕಣ್ಣು ಹೋದದ್ದು ಆ ಮೆಟ್ಟಿಲುಗಳ ನಡುಭಾಗಕ್ಕೆ. ಕಲ್ಲಿದ್ದಲೋ ನೀರೋ ಹೊತ್ತು ಹತ್ತಿಳಿದ ಕಾಲುಗಳಿಗೆ ಮರ ತೊಟ್ಟಿಯ ಹಾಗೆ ಸವೆದಿತ್ತು. ಫೋಟೊ ದೊಡ್ಡದು ಮಾಡಿ ಒಂದೊಂದೇ ಮೆಟ್ಟಿಲು ನೋಡಿದೆ.

"ಸವೆತವನ್ನೂ ಬಿಡಿಸಬೇಕೇ?" ಎಂದು ಕೇಳಿ ಬರೆದೆ. ಒಂದೊಂದು ಮೆಟ್ಟಿಲಿನದ್ದೂ ಬೇಕು ಎಂದು ಬರೆದು ಹೊಸ ಅಳತೆಗಳನ್ನೂ ಕಳಿಸಿದರು. ಹದಿನೇಳು ಮೆಟ್ಟಿಲು. ಯಾವ ಎರಡೂ ಒಂದೇ ತರ ಸವೆದಿರಲಿಲ್ಲ. ಈ ಸಲ ಯಾವುದನ್ನೂ ಕಾಪಿ ಮಾಡಲಿಲ್ಲ. ಮೂರು ದಿನ ಹಿಡಿಯಿತು.

ಮುಗಿಸಿ ಕಳಿಸಿದ ದಿನ ಮ್ಯಾನೇಜರ್ ಖುಷಿಯಿಂದ ಬಂದು, "ಅವ್ರದ್ದೇ ಇನ್ನೊಂದು ಬೀದಿ ಬಂತು. ಎಂಟು ಮನೆ. ನೀವೇ ಆಗ್ಬೇಕಂತೆ" ಎಂದರು.

"ನಂಗೆ ರಜೆ ಬೇಕು ಸರ್."

"ಊರಿಗಾ?"

"ಅಲ್ಲ. ಎಲ್ಲಿಗೂ ಹೋಗ್ಲಿಕ್ಕಿಲ್ಲ. ಮನೆಯಲ್ಲೇ ಇರ್ತೇನೆ."

ಅವರು ನಾಲ್ಕು ದಿನ ಕೊಟ್ಟರು. ಮೊದಲನೆಯ ದಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮಧ್ಯಾಹ್ನದವರೆಗೆ ಮಲಗಿದ್ದೆ. ಹೆಂಡತಿ ಎರಡು ಸಲ ಬಂದು ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಎಳೆದುಕೊಂಡು ಹೋದಳು.