ಹಲಗೆಯ ಮೇಲೆ ತಲೆ ಲೆಕ್ಕ

ಬೆಳಗಿನ ಐದೂವರೆ. ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಕಟ್ಟೆಯ ಮೇಲೆ ಆರು ಮಂದಿ ಹುಡುಗ ಹುಡುಗಿಯರು ಆಕಳಿಸುತ್ತಾ ಕುಳಿತಿದ್ದಾರೆ. ಅರವತ್ತೊಂದರ ಹೆಂಗಸೊಬ್ಬರು ಒಬ್ಬೊಬ್ಬರ ಸೊಂಟದ ಸೀಸದ ಪಟ್ಟಿಯನ್ನೂ ಜಗ್ಗಿ ನೋಡುತ್ತಾ ಬರುತ್ತಾರೆ. ಆಳಕ್ಕೆ ಇಳಿಸುವುದು ಆ ಸೀಸದ ಭಾರವೇ. ಅದರ ಕೊಕ್ಕೆ ಒಂದೇ ಎಳೆತಕ್ಕೆ ಕಳಚಿಕೊಳ್ಳಬೇಕು. ಕಳಚಲಿಲ್ಲವೋ, ಆ ದಿನ ದೋಣಿ ಹತ್ತುವ ಮಾತೇ ಇಲ್ಲ.

ಬಂದರಿಗೆಲ್ಲ ಇವರು ಅತ್ತೆ. ಸೊಸೆ ಅಂತ ಒಬ್ಬಳೂ ಇಲ್ಲ, ಕಿವಿ ಹಿಂಡಿಸಿಕೊಂಡವರು ಮಾತ್ರ ಇನ್ನೂರ ನಲವತ್ತು ಮಂದಿ. ವಾರದ ದಿನಗಳಲ್ಲಿ ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಚಿಕ್ಕ ಅಂಗಡಿಯಲ್ಲಿ ಕೂತು ಮುಳುಗುವವರ ಹರಿದ ರಬ್ಬರ್ ಉಡುಪಿಗೆ ಅಂಟು ಹಚ್ಚುತ್ತಾರೆ. ಶನಿವಾರ, ಭಾನುವಾರ ಹದಿನಾರು ತುಂಬಿದ ಮಕ್ಕಳನ್ನು ಕಡಲಿಗೆ ಕರೆದೊಯ್ದು, ಒಂದೇ ಉಸಿರಿನಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವುದನ್ನು ಕಲಿಸುತ್ತಾರೆ. ಇದು ಇಪ್ಪತ್ತಮೂರನೇ ವರ್ಷ.

ಹೊಸಬರು ಬಂದ ದಿನವೇ ಹೊಡೆದ ಮೀನಿನ ಜೊತೆ ಫೋಟೊ ಯಾವಾಗ ಎಂದು ಕೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ! ಮೊದಲ ಎರಡು ತಿಂಗಳು ಅತ್ತೆ ಅವರ ಕೈಗೆ ಈಟಿಯನ್ನೇ ಕೊಡುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಪಟ್ಟಿ ಕಳಚಿ ಎಸೆಯುವುದು, ಕೈಯಲ್ಲಿದ್ದದ್ದನ್ನು ಬಿಡುವುದು, ಇದೇ ಪಾಠ. ಒಬ್ಬರು ಮುಳುಗಿದರೆ ಜೊತೆಯವರು ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. "ಬಿಡೋಕೆ ಬರದವರಿಗೆ ಹಿಡಿಯೋಕೂ ಬರಲ್ಲ" ಅನ್ನುತ್ತಾರೆ ಅತ್ತೆ.

ಬಂದರಿನ ತೂಕದ ಕಟ್ಟೆಯಲ್ಲೊಂದು ಕಪ್ಪು ಹಲಗೆಯಿದೆ. ಹಿಂತಿರುಗಿದ ದೋಣಿಯವರು ಅಂದಿನ ಮೀನು ಎಷ್ಟು ಕಿಲೊ ಎಂದು ಅದರಲ್ಲಿ ಬರೆಯುತ್ತಾರೆ. ಅತ್ತೆಯ ಸಾಲಿನಲ್ಲಿ ಮಾತ್ರ ನೀರಿಗಿಳಿದವರಲ್ಲಿ ಎಷ್ಟು ಮಂದಿ ಮರಳಿದರು ಎಂಬ ಲೆಕ್ಕ. ಮೀನಿನ ಮಾತೇ ಇಲ್ಲ.

ಈ ಶನಿವಾರ ಅತ್ತೆ ನೀರಿಗಿಳಿಯುವುದಿಲ್ಲ. ಎಡಗಿವಿ ಎಂಟು ವರ್ಷದ ಹಿಂದೆಯೇ ಹೋಗಿದೆ, ಬಲಗಿವಿಯೂ ಸೋಲುತ್ತಿದೆ, ಇನ್ನು ಮುಳುಗಕೂಡದೆಂದು ಹೋದ ತಿಂಗಳು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. "ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡೋ ಭಾಗ್ಯ ನನಗಿಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯುತ್ತೆ" ಎಂದು ನಗುತ್ತಾರೆ. ನಗುವಿನ ಹಿಂದೆ ಸಂಕಟವಿದೆ. ಮಕ್ಕಳನ್ನು ನೀರಿನಲ್ಲಿ ನಡೆಸಬಲ್ಲವರು ಸಿಗದಿದ್ದರೆ ದೋಣಿ ಮಾರಿಬಿಡಬೇಕು.

ಇಂದು ನಡೆಸಲು ಬಂದಿರುವವಳು ಇಪ್ಪತ್ತನಾಲ್ಕರ ನರ್ಸ್. ಅಡ್ಡಹೆಸರು ಉಡ. ಹದಿನಾರರಲ್ಲಿ ತೋಳುದ್ದದ ಮೀನಿಗೆ ಈಟಿ ಹೊಡೆದವಳು, ಅದು ಬಂಡೆಯಡಿ ಹೊಕ್ಕರೂ ಈಟಿಗೆ ಹಗ್ಗದಿಂದ ಕಟ್ಟಿದ್ದ, ಈಟಿ ಹಾರಿಸುವ ಗನ್ನು ಬಿಡದೆ ತಳದಲ್ಲೇ ಜೋತುಬಿದ್ದಿದ್ದಳು. ಅತ್ತೆ ಮೂಗು ಹಿಡಿದು ಕಿವಿಯ ಒತ್ತಡ ಇಳಿಸಿಕೊಳ್ಳುವಷ್ಟೂ ನಿಲ್ಲದೆ ನುಗ್ಗಿ ಅವಳನ್ನು ಮೇಲಕ್ಕೆಳೆದರು. ಬದುಕಿದೆಯಾ ಬಡಜೀವವೇ ಎಂದು ಅವಳು ಮನೆ ಸೇರಿದಳು. ಅತ್ತೆಯ ಎಡಗಿವಿಯ ತಮಟೆ ಒಡೆದಿತ್ತು. ಹೋದ ತಿಂಗಳು ತನ್ನ ಆಸ್ಪತ್ರೆಯಲ್ಲಿ ಅತ್ತೆಯ ಡಾಕ್ಟರ ಚೀಟಿ ಓದುವವರೆಗೂ ಅವಳಿಗದು ಗೊತ್ತಿರಲಿಲ್ಲ. ಓದಿದ ಮರುದಿನವೇ ಅಂಗಡಿಯ ಬಾಗಿಲಿಗೆ ಬಂದು, ಶನಿವಾರಗಳನ್ನು ತಾನು ನೋಡಿಕೊಳ್ಳುತ್ತೇನೆಂದಳು.

ಎಂಟು ಗಂಟೆಯ ಹೊತ್ತಿಗೆ ಅವಳ ಈಟಿಗೆ ಈ ವರ್ಷದಲ್ಲೇ ದೊಡ್ಡ ಮೀನು ಬಿದ್ದಿದೆ. ಅವಳು ಮೇಲೆ ತೇಲುತ್ತಾ ಹಗ್ಗ ಸೆಳೆದುಕೊಳ್ಳುತ್ತಿರುವಾಗಲೇ ಆಚೆ ಜೋಡಿಯ ಹುಡುಗಿ ಕೈ ಎತ್ತುತ್ತಾಳೆ. ಅವಳ ಜೊತೆಗಾರ, ಕೋಲಿನಂಥ ಹುಡುಗ, ಕೆಳಗೆ ಬಂಡೆಗೆ ಸಿಕ್ಕಿದ ಗನ್ನನ್ನು ಬಿಡದೆ ಎಳೆದಾಡುತ್ತಿದ್ದಾನೆ. ದೋಣಿಯಲ್ಲಿ ಅತ್ತೆ ಎದ್ದು ನಿಲ್ಲುತ್ತಾರೆ, ಕೈ ತಾನಾಗಿ ಮುಳುಗುವಾಗ ಹಾಕುವ ಕನ್ನಡಕಕ್ಕೆ ಹೋಗುತ್ತದೆ.

ಅಷ್ಟರಲ್ಲಿ ಉಡ ಗನ್ನು ಬಿಟ್ಟಾಗಿದೆ. ಈಟಿ, ಮೀನು, ಹಗ್ಗ, ಅತ್ತೆ ಆ ಬೆಳಿಗ್ಗೆಯಷ್ಟೇ ಕೈಗಿಟ್ಟ ಗನ್ನು, ಎಲ್ಲವೂ ಹೋದವು. ಅವಳು ತುಂಬು ಉಸಿರು ತೆಗೆದುಕೊಂಡು, ಮಾರು ಮಾರಿಗೆ ಮೂಗು ಹಿಡಿದು ಕಿವಿ ಸಡಿಲಿಸಿಕೊಳ್ಳುತ್ತಾ ಇಳಿಯುತ್ತಾಳೆ. ಅವಸರವಿಲ್ಲ. ಅತ್ತೆ ಎಣಿಸುತ್ತಾರೆ. ಇಪ್ಪತ್ತೆಂಟಕ್ಕೆ ಎರಡು ತಲೆಗಳು ನೀರಿನ ಮೇಲೆ ಬರುತ್ತವೆ. ಹುಡುಗನ ಸೊಂಟದಲ್ಲಿ ಪಟ್ಟಿಯಿಲ್ಲ, ಕೊಕ್ಕೆ ಒಂದೇ ಎಳೆತಕ್ಕೆ ಕಳಚಿದೆ. ಅವನು ಕೆಮ್ಮಿ, ಉಸಿರೆಳೆದು, ನಾಚಿಕೊಂಡು ನಗುತ್ತಾನೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಾರೆ, ಅದನ್ನು ಮುಚ್ಚಿಡಲೂ ಹೋಗುವುದಿಲ್ಲ.

ಬಂದರಿಗೆ ಮರಳಿದಾಗ ದೋಣಿಯಲ್ಲಿ ಒಂದು ಮೀನೂ ಇಲ್ಲ. ಎರಡು ಗನ್ನು, ಒಂದು ಸೀಸದ ಪಟ್ಟಿ ಕಡಲಿನ ಪಾಲಾಗಿವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ತೂಕದವನು ಛೇಡಿಸುತ್ತಾನೆ. ಗನ್ನು ಹೋಯಿತೆಂದು ಉಡ ಮೆಲ್ಲಗೆ ಹೇಳಿದರೆ ಅತ್ತೆ, "ಎಂಟು ವರ್ಷ ತಡವಾಗಿ ಬಿಟ್ಟೆ, ಇರಲಿ" ಎಂದು ಅವಳ ಕೈಗೆ ಸೀಮೆಸುಣ್ಣ ಕೊಡುತ್ತಾರೆ.

ಉಡ ಮಕ್ಕಳತ್ತ ತಿರುಗಿ ಎರಡು ಬಾರಿ ಎಣಿಸಿ, ಹಲಗೆಯ ಮೇಲೆ ದೊಡ್ಡದಾಗಿ ಆರು ಎಂದು ಬರೆಯುತ್ತಾಳೆ. ಅತ್ತೆ ಅಂಗೈಯಿಂದ ಅದನ್ನು ಒರೆಸಿ, ಸೀಮೆಸುಣ್ಣ ಇಸಿದುಕೊಂಡು ಏಳು ಎಂದು ತಿದ್ದುತ್ತಾರೆ.

"ನೀನೂ ವಾಪಸ್ ಬಂದೆಯಲ್ಲ, ನಿನ್ನನ್ನ ಯಾರು ಬರೀತಾರೆ?" ಎನ್ನುತ್ತಾರೆ ಅತ್ತೆ. "ಮುಂದಿನ ಶನಿವಾರದಿಂದ ನೆನಪಿಟ್ಟುಕೋ."